ಕಲ್ಯಾಣದುರ್ಗದ ಬಸ್ಸಿನಲ್ಲಿ ಯಾರ್ಮಿಲಾ

ಲೇಪಾಕ್ಷಿಯ ದೊಡ್ಡ ಬಸವಣ್ಣನನ್ನು ನೋಡಿ ಯಾರ್ಮಿಲಾ, "ತುಂಬ ದೊಡ್ಡದು" ಎಂದಷ್ಟೇ ಹೇಳಿದಳು. ಆಮೇಲೆ ಬೆನ್ನು ತಿರುಗಿಸಿಕೊಂಡು, ಬೇಲಿಯ ಹೊರಗೆ ಸೌತೆಕಾಯಿ ಸೀಳಿ ಖಾರದಪುಡಿ ಹಚ್ಚುತ್ತಿದ್ದ ಹೆಂಗಸಿನ ಮುಂದೆ ಮಂಡಿಯೂರಿ ಕೂತುಬಿಟ್ಟಳು. ಬಸವಣ್ಣನದು ಒಂದೇ ಫೋಟೋ. ಸೌತೆಕಾಯಿಯದು, ಆ ಹೆಂಗಸಿನ ಕೈಯದು, ಚಾಕುವಿನದು, ಉಪ್ಪಿನ ಬಟ್ಟಲಿನದು ಲೆಕ್ಕವಿಲ್ಲದಷ್ಟು. ಪುಷ್ಪಲತಾಗೆ ಈಕೆ ಇಷ್ಟವಾಗಿದ್ದು ಅವತ್ತೇ.

ಪುಷ್ಪಲತಾಳ ಗಂಡ ರುದ್ರೇಶನದು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ಮನೆಯ ಮಹಡಿ ಖಾಲಿ ಬಿದ್ದಿತ್ತು. ಲೇಪಾಕ್ಷಿಗೆ ಬರುವವರಿಗೆ ಬಾಡಿಗೆಗೆ ಕೊಡೋಣ ಎಂದು ಅವಳೇ ಹಟ ಹಿಡಿದು ಇಂಟರ್ನೆಟ್ಟಿನಲ್ಲಿ ಹಾಕಿದ್ದಳು. "ಯಾರೋ ಏನೋ, ಊಟ ಸೇರ್ದೆ ಏನಾದ್ರೂ ಆದ್ರೆ ನಮ್ಮ ತಲೆಗೆ ಬತ್ತದೆ," ಎಂದು ರುದ್ರೇಶ ಗೊಣಗಿದ್ದ. ಹಾಗೆ ಬಂದ ಮೊದಲ ವಿದೇಶಿ ಅತಿಥಿಯೇ ಯಾರ್ಮಿಲಾ. ಚೆಕ್ ದೇಶದವಳು, ವಯಸ್ಸು ಅರವತ್ತು ದಾಟಿತ್ತು. ಹಲ್ಲಿನ ಡಾಕ್ಟರಾಗಿ ದುಡಿದು ನಿವೃತ್ತಳಾದ ಮೇಲೆ ದೇಶ ದೇಶ ಸುತ್ತುತ್ತ ಅಲ್ಲಿನ ಜನ ಏನು ತಿನ್ನುತ್ತಾರೆ, ಹೇಗೆ ಬೇಯಿಸುತ್ತಾರೆ, ತಿಂದಾದ ಮೇಲೆ ತಟ್ಟೆಯನ್ನು ಎಲ್ಲಿ ತೊಳೆಯುತ್ತಾರೆ ಎಂಬುದರ ಫೋಟೋ ತೆಗೆಯುವುದೇ ಅವಳ ಕೆಲಸ. ಅವಳ ಹೆಸರು ಹಿಂದೂಪುರದ ಬೀದಿಯಲ್ಲಿ ಯಾರ ಬಾಯಲ್ಲೂ ನಿಲ್ಲಲಿಲ್ಲ. ಪಕ್ಕದ ಮನೆಯವರಿಂದ ಹಿಡಿದು ಹೂವಿನವಳವರೆಗೆ ಎಲ್ಲರಿಗೂ ಅವಳು ಊರ್ಮಿಳಮ್ಮ.

ಬಂದ ದಿನವೇ ಅವಳು ಪುಷ್ಪಲತಾಳನ್ನು ಕೂರಿಸಿಕೊಂಡು ಒಂದು ಮಾತು ಹೇಳಿದ್ದಳು. ಕಡ್ಲೆಕಾಯಿ ತನಗೆ ವಿಷ. ಒಂದೇ ಒಂದು ಬೀಜ ಹೊಟ್ಟೆಗೆ ಹೋದರೂ ಗಂಟಲು ಮುಚ್ಚಿಹೋಗುತ್ತದೆ.

ಪುಷ್ಪಲತಾ ನಕ್ಕುಬಿಟ್ಟಿದ್ದಳು. ಅನಂತಪುರದ ಸೀಮೆಯಲ್ಲಿ ಯಾರಾದರೂ ಹೀಗೆ ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಚಟ್ನಿಗೆ, ಪುಡಿಗೆ, ಪಲ್ಯಕ್ಕೆ, ಹಬ್ಬದ ಉಂಡೆಗೆ, ಸುಮ್ಮನೆ ಕೂತಾಗ ಬಾಯಾಡಿಸುವುದಕ್ಕೆ, ಎಲ್ಲಕ್ಕೂ ಇಲ್ಲಿ ಕಡ್ಲೆಕಾಯಿಯೇ. ಯಾರ್ಮಿಲಾ ಮಾತ್ರ ನಗಲಿಲ್ಲ. ಅವಳ ಮುಖ ನೋಡಿದ ಮೇಲೆ ಪುಷ್ಪಲತಾಳ ನಗು ನಿಂತಿತು. ಅಂದಿನಿಂದ ಯಾವ ಮನೆಗೆ, ಯಾವ ಗಾಡಿಯ ಹತ್ತಿರ ಹೋದರೂ ಪುಷ್ಪಲತಾಳ ಮೊದಲ ಮಾತು ಅದೇ. ಕನ್ನಡದವರಿಗೆ ಕಡ್ಲೆಕಾಯಿ ಹಾಕಬೇಡಿ ಎನ್ನುವಳು, ತೆಲುಗಿನವರಿಗೆ ಬುಡ್ಡಲು ವದ್ದು ಎನ್ನುವಳು.

ಬ್ರಹ್ಮಸಮುದ್ರದ ಕಡೆಯ ಹಳ್ಳಿಯೊಂದರ ವರಲಕ್ಷ್ಮಮ್ಮನಿಗೂ ಫೋನಿನಲ್ಲಿ ಹಾಗೇ ಹೇಳಿದ್ದಳು. ವರಲಕ್ಷ್ಮಮ್ಮ ಮತ್ತು ಅವಳ ಗಂಡ ಬೈಲಪ್ಪ ವರ್ಷಾ ವರ್ಷ ಮಂಡಿಗೆ ಹುಣಸೆಹಣ್ಣು ತರುವವರು. ಒಲೆಯ ಮೇಲೆ ಮಂಡಕ್ಕಿ ಉಗ್ಗಾಣಿ ಮಾಡುವುದನ್ನು ನೋಡಬೇಕು ಎಂದು ಯಾರ್ಮಿಲಾ ಆಸೆಪಟ್ಟಾಗ ಪುಷ್ಪಲತಾಗೆ ನೆನಪಾದದ್ದು ಅವರ ಮನೆ.

"ಅಯ್ಯೋ, ಕಡ್ಲೆಕಾಯಿ ಬ್ಯಾಡ್ವಾ? ಆಗ್ಲಿ ಬುಡು ಕಣಮ್ಮ. ಹುರಿಗಡಲೆ ಪುಡಿ ಮಾಡ್ತೀನಿ. ಕರ್ಕೊಂಬಾ," ಎಂದಿದ್ದಳು ವರಲಕ್ಷ್ಮಮ್ಮ.

ಡ್ರೈವರ್ ಬೈರಣ್ಣನ ಬಾಡಿಗೆ ಕಾರಿನಲ್ಲಿ ಬೆಳಿಗ್ಗೆ ಹೊರಟರು. ಕಲ್ಯಾಣದುರ್ಗ ದಾಟಿ ಹಳ್ಳಿಯ ರಸ್ತೆಗೆ ಇಳಿದಾಗ ಚಕ್ರಕ್ಕೆ ಮೊಳೆ ಹೊಕ್ಕಿತು. ಸ್ಟೆಪ್ನಿಯೂ ಅಷ್ಟಕ್ಕಷ್ಟೆ. ಅದನ್ನೇ ಹಾಕಿಕೊಂಡು ಹೇಗೋ ವರಲಕ್ಷ್ಮಮ್ಮನ ಮನೆ ಮುಟ್ಟಿಸಿದ ಬೈರಣ್ಣ, "ನೀವು ತಿಂಡಿ ಮುಗಿಸೋದ್ರೊಳಗೆ ಕಲ್ಯಾಣದುರ್ಗದಾಗೆ ಪಂಚರ್ ಹಾಕ್ಸ್ಕೊಂಡು ಬಂದ್ಬುಡ್ತೀನಕ್ಕ," ಎಂದು ಗಾಡಿ ತಿರುಗಿಸಿದ.

ಅಡುಗೆಮನೆ ಇಕ್ಕಟ್ಟಾಗಿತ್ತು. ಯಾರ್ಮಿಲಾ ಕ್ಯಾಮೆರಾ ಒಂದನ್ನೇ ಕೊರಳಿಗೆ ಹಾಕಿಕೊಂಡು ಒಳಗೆ ಬಂದಿದ್ದಳು. ಮೇಲಿನ ಗವಾಕ್ಷಿಯಿಂದ ಬಿಸಿಲು ಕೋಲಿನ ಹಾಗೆ ಇಳಿದು ಹೊಗೆಯಲ್ಲಿ ನಿಂತಿತ್ತು. ವರಲಕ್ಷ್ಮಮ್ಮ ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡುವುದು, ಒಗ್ಗರಣೆ ಸಿಡಿಯುವುದು, ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಮುಳುಗಿಸಿ ಬಾಣಲೆಗೆ ಬಿಡುವುದು, ಒಂದೊಂದನ್ನೂ ಯಾರ್ಮಿಲಾ ಬಗ್ಗಿ, ಕೂತು, ಗೋಡೆಗೊರಗಿ ಕ್ಲಿಕ್ಕಿಸಿದಳು. ವರಲಕ್ಷ್ಮಮ್ಮ ಮೊದಲು ನಾಚಿದಳು. ಆಮೇಲೆ ತಾನೇ, "ಹಿಂಗ್ ಹಿಡೀಲಾ? ಬೆಳಕು ಬೀಳ್ತದಾ?" ಎಂದು ಬಜ್ಜಿ ತೆಗೆಯುವ ಜಾಲರಿ ಎತ್ತಿ ತೋರಿಸತೊಡಗಿದಳು.

ಪಡಸಾಲೆಯಲ್ಲಿ ತಟ್ಟೆ ಇಟ್ಟರು. "ಇನ್ನೊಂದು ಬಜ್ಜಿ ತಿನ್ನಮ್ಮ, ದೂರದಿಂದ ಬಂದಿದ್ದೀಯ," ಎಂದು ವರಲಕ್ಷ್ಮಮ್ಮ ಬೇಡಬೇಡವೆಂದರೂ ಹಾಕಿದಳು.

ಯಾರ್ಮಿಲಾ ಕೊರಳು ಕೆರೆದುಕೊಂಡದ್ದನ್ನು ಪುಷ್ಪಲತಾ ನೋಡಿದಳು. ಸೆಕೆ ಎಂದುಕೊಂಡಳು. ಮತ್ತೆ ನೋಡಿದಾಗ ಕಿವಿಯ ಹಿಂದಿನಿಂದ ಕೆಂಪು ದದ್ದುಗಳು ಕತ್ತಿನ ಮೇಲೆ ಇಳಿಯುತ್ತಿದ್ದವು. ಯಾರ್ಮಿಲಾ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಇದರಲ್ಲಿ ಕಡ್ಲೆಕಾಯಿ ಇದೆ," ಎಂದಳು ಇಂಗ್ಲಿಷಿನಲ್ಲಿ. ಧ್ವನಿ ಆಗಲೇ ಒಡೆದಿತ್ತು.

"ಇಲ್ಲ, ಇಲ್ಲ. ವರಲಕ್ಷ್ಮಮ್ಮ, ಪುಡಿಗೆ ಏನು ಹಾಕಿದ್ದೆ?"

"ಹುರಿಗಡಲೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು. ಆಣೆ ಮಾಡ್ತೀನಿ ಕಣಮ್ಮ, ಇನ್ನೇನೂ ಹಾಕಿಲ್ಲ."

"ಮತ್ತೆ ಎಣ್ಣೆ?"

ವರಲಕ್ಷ್ಮಮ್ಮನ ಮುಖ ಅರಳಿತು. "ಅಂಗಡಿ ಎಣ್ಣೆ ಅಲ್ಲ ಕಣಮ್ಮ. ನಮ್ಮ ಹೊಲದ್ದೇ ಬೀಜ. ಗಾಣದಾಗೆ ಆಡಿಸ್ಕೊಂಡು ಬಂದಿದ್ದು. ನೀವು ಬತ್ತೀರ ಅಂತ ಹೊಸ ಡಬ್ಬ ತೆಗ್ದೆ."

ಬೀಜ, ಪುಡಿ, ಚಟ್ನಿ ಎಲ್ಲವನ್ನೂ ಪುಷ್ಪಲತಾ ಕೇಳಿದ್ದಳು. ಮನೆಯಲ್ಲಿ ಬಳಸುವುದು ಸೂರ್ಯಕಾಂತಿ ಎಣ್ಣೆಯಾದ್ದರಿಂದ ಎಣ್ಣೆಯ ವಿಷಯ ಅವಳಿಗೆ ಹೊಳೆದಿರಲೇ ಇಲ್ಲ.

ಯಾರ್ಮಿಲಾ ಸೊಂಟ ತಡವಿಕೊಂಡಳು. ಸದಾ ಅಲ್ಲಿ ನೇತಾಡುತ್ತಿದ್ದ ಬ್ಯಾಗು ಇರಲಿಲ್ಲ. ಅವಳ ಕಣ್ಣುಗಳು ಬಾಗಿಲ ಕಡೆ ಹೋದವು. "ಬ್ಯಾಗು... ಕಾರಿನಲ್ಲಿ. ಇಂಜೆಕ್ಷನ್ ಅದರಲ್ಲಿದೆ."

ಪುಷ್ಪಲತಾ ಬೈರಣ್ಣನ ಫೋನಿಗೆ ಹಚ್ಚಿದರೆ ಸಿಗ್ನಲ್ ಇಲ್ಲ. ಮತ್ತೆ ಹಚ್ಚಿದಳು, ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ತೆಲುಗಿನಲ್ಲಿ ಅದೇ ತಣ್ಣನೆಯ ಹೆಣ್ಣುಧ್ವನಿ. ಬೈಲಪ್ಪ ಆಂಬುಲೆನ್ಸಿಗೆ ಫೋನ್ ಮಾಡಿದ. ಹೆರಿಗೆ ಕೇಸಿಗೆ ಬೇರೆ ಕಡೆ ಹೋಗಿದೆ, ಬರುವುದು ತಡವಾಗುತ್ತದೆ ಎಂದರು. ಅಷ್ಟರಲ್ಲಿ ಯಾರ್ಮಿಲಾಳ ತುಟಿ ಊದಿ ಬೇರೆಯವರ ತುಟಿಯ ಹಾಗೆ ಕಾಣುತ್ತಿತ್ತು. ಉಸಿರು ಒಳಗೆ ಹೋಗುವಾಗ ಸಣ್ಣಗೆ ಸಿಳ್ಳು ಹೊಡೆದಂತೆ ಸದ್ದು. ಅಕ್ಕಪಕ್ಕದವರು ಬಾಗಿಲಲ್ಲಿ ಗುಂಪುಗೂಡಿದರು. ಒಬ್ಬರು ಚೇಳು ಕುಟುಕಿದೆ ಎಂದರು, ಒಬ್ಬರು ಬಿಸಿಲು ಎಂದರು. ಒಬ್ಬ ಅಜ್ಜಿ ಬೇವಿನ ಸೊಪ್ಪು ತಂದಳು.

"ಏನಮ್ಮ ಇದು? ಕಡ್ಲೆಕಾಯಿ ಎಣ್ಣೆಗೆ ಯಾರಾದ್ರೂ ಸಾಯ್ತಾರಾ?" ಎಂದು ಬೈಲಪ್ಪ ಕೇಳಿದ. ಅವನು ವಾದಕ್ಕೆ ಕೇಳಿದ್ದಲ್ಲ. ಇಲ್ಲ ಎಂಬ ಒಂದು ಮಾತು ಯಾರ ಬಾಯಿಂದಲಾದರೂ ಬರಲಿ ಎಂದು ಬೇಡಿಕೊಳ್ಳುವ ಹಾಗಿತ್ತು.

ಆಗಲೇ ಊರ ಮುಂದಿನ ಅರಳಿಕಟ್ಟೆಯ ಹತ್ತಿರ ಬಸ್ಸಿನ ಹಾರ್ನ್ ಕೇಳಿಸಿತು.

"ಕಲ್ಯಾಣದುರ್ಗದ ಬಸ್ಸು!" ಎಂದು ಬೈಲಪ್ಪ ಪಂಚೆ ಎತ್ತಿಕಟ್ಟಿ ಓಡಿದ. ಹಿಂದೆಯೇ ಇಬ್ಬರು ಯಾರ್ಮಿಲಾಳನ್ನು ಹೆಗಲಿಗೆ ಆನಿಸಿಕೊಂಡು ನಡೆಸಿದರು, ಆಮೇಲೆ ಎತ್ತಿಕೊಂಡೇ ಹೋದರು. ವರಲಕ್ಷ್ಮಮ್ಮ ಹೊಸಿಲಲ್ಲಿ ಕಂಬ ಹಿಡಿದು ನಿಂತೇ ಇದ್ದಳು. ಜಾಲರಿ ಇನ್ನೂ ಅವಳ ಕೈಯಲ್ಲಿತ್ತು.

ಬಸ್ಸು ತುಂಬಿತ್ತು. ಮುಂದಿನ ಸೀಟಿನವರು ಎದ್ದು ಜಾಗ ಮಾಡಿದರು. ಯಾರ್ಮಿಲಾಳನ್ನು ಕೂರಿಸಿದರೆ ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ಗಾಳಿಗಾಗಿ ಬಾಯಿ ತೆರೆದಳು. ಬಸ್ಸು ಹೊರಟಿತು. ಬೈಲಪ್ಪ ಬಾಗಿಲಿನಿಂದ ಕೆಳಗೆ ಧುಮುಕಿ, "ಹಿಂದೆ ಬರೋ ಬಸ್ಸಿಗೆ ನಮ್ಮನೆಯೋಳ್ನ ಕರ್ಕೊಂಡ್ ಬತ್ತೀನಿ, ನೀವು ನಡೀರಿ!" ಎಂದು ಕೂಗಿದ.

"ಏಮೈಂದಮ್ಮಾ ಆಮೆಕು?" ಆಕೆಗೆ ಏನಾಯಿತೆಂದು ಹಿಂದಿನಿಂದ ಯಾರೋ ಕೇಳಿದರು. ಪುಷ್ಪಲತಾ ತಿಂಡಿ ಒಗ್ಗಲಿಲ್ಲ ಎಂದು ತೆಲುಗಿನಲ್ಲೇ ಹೇಳಿದಳು. ಯಾರೂ ನಂಬಲಿಲ್ಲ. ಯಾರ್ಮಿಲಾಳ ಮುಖ ಕೆಂಪಗೆ ಬಾತು ಕಣ್ಣುಗಳು ಗೆರೆಗಳಾಗಿದ್ದವು. ಅವಳು ಕೆಮ್ಮಿದಳು. ಆ ಕೆಮ್ಮು ಬಸ್ಸಿನ ತುಂಬ ಕೇಳಿಸಿತು. ಕೂಸು ಎತ್ತಿಕೊಂಡಿದ್ದ ಹೆಂಗಸು ಸೆರಗಿನಿಂದ ಮಗುವಿನ ಮೂಗು ಮುಚ್ಚಿದಳು. ಕೊರೊನಾ ಎಂಬ ಮಾತು ಸೀಟಿನಿಂದ ಸೀಟಿಗೆ ಹರಿದಾಡಿತು.

ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಎದ್ದು ನಿಂತ. "ದಿಂಪೇಯಂಡಿ ಸಾರ್! ಫಾರಿನ್ ರೋಗಂ ಏಮೋ. ಪಿಲ್ಲಲುನ್ನಾರು ಬಸ್ಸುಲೋ." ಬಸ್ಸಲ್ಲಿ ಮಕ್ಕಳಿದ್ದಾರೆ, ಇವಳನ್ನು ಇಳಿಸಿಬಿಡಿ ಎಂದು ಡ್ರೈವರಿಗೆ ಕೂಗಿದ.

"ಅಂಟುರೋಗ ಅಲ್ಲಪ್ಪ ಇದು!" ಪುಷ್ಪಲತಾ ಭಯಕ್ಕೆ ಕನ್ನಡದಲ್ಲೇ ಕಿರುಚಿದಳು. "ಇಳಿಸಿದ್ರೆ ಸತ್ತೇ ಹೋಯ್ತಾಳೆ. ನಿಮ್ಮನೆ ಹೆಣ್ಮಗಳಾಗಿದ್ರೆ ಇಳಿಸ್ತಿದ್ರಾ?"

"ನಮ್ಮನೆಯೋರು ಹಿಂಗೆ ಊರೂರು ತಿರುಗಲ್ಲಮ್ಮ," ಎಂದ ಅವನೂ ಕನ್ನಡಕ್ಕೆ ಇಳಿದು. ನಾಲ್ಕಾರು ಜನ ಅವನ ಜೊತೆ ಎದ್ದರು. ಒಬ್ಬ ಕೈ ಎತ್ತಿ ಗಂಟೆಯ ಹಗ್ಗ ಎಳೆದ. ಪುಷ್ಪಲತಾ ಯಾರ್ಮಿಲಾಳಿಗೆ ಅಡ್ಡಲಾಗಿ ನಿಂತು ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ತನ್ನ ಮೇಲೆ ಕೈ ಬಿದ್ದರೆ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನ ವೇಗ ತಗ್ಗಿತು.

ಡ್ರೈವರ್ ಓಬುಳಪತಿ ಬಸ್ಸನ್ನು ನಿಲ್ಲಿಸಲಿಲ್ಲ. ಒಮ್ಮೆ ಕನ್ನಡಿಯಲ್ಲಿ ಹಿಂದೆ ನೋಡಿದ. "ಇಳಿಯೋರು ಇದ್ದರೆ ಇಳೀರಿ, ನಿಧಾನಕ್ಕೆ ಹೋಯ್ತೀನಿ. ಆಯಮ್ಮನ್ನ ಇಳಿಸೋದು ನನ್ನ ಕೈಲಾಗಲ್ಲ," ಎಂದ. ಯಾರೂ ಇಳಿಯಲಿಲ್ಲ. ಅವನು ಗೇರು ಬದಲಿಸಿ ಆಕ್ಸಿಲರೇಟರ್ ಒತ್ತಿದ. ಮುಂದಿನ ನಿಲ್ದಾಣದಲ್ಲಿ ಕೈ ಚಾಚಿ ನಿಂತಿದ್ದವರನ್ನು ಧೂಳಲ್ಲಿ ಬಿಟ್ಟು ಬಸ್ಸು ಓಡಿತು.

ಪುಷ್ಪಲತಾ ಫೋನು ಒತ್ತುತ್ತಲೇ ಇದ್ದಳು. ಕೊನೆಗೊಮ್ಮೆ ರಿಂಗಾಯಿತು.

"ಹೇಳಕ್ಕ, ಪಂಚರ್ ಆಯ್ತು, ಹೊರಟೆ..."

"ಬೈರಣ್ಣ, ನಾವು ಬಸ್ಸಲ್ಲಿದ್ದೀವಿ. ಕಲ್ಯಾಣದುರ್ಗದ ರೋಡಲ್ಲೇ ಎದುರಿಗೆ ಬಾ. ಊರ್ಮಿಳಮ್ಮನ ಬ್ಯಾಗು ಬೇಕು. ಅವಳ ಜೀವ ಹೋಗ್ತಾ ಇದೆ!"

ಅವನು ಏನೋ ಕೇಳಿದ, ಲೈನು ಕಟ್ಟಾಯಿತು. ಮುಂದೆ ಎರಡೂ ಕಡೆ ಒಣಗಿದ ಹೊಲ, ಬೋರ್‌ವೆಲ್ಲಿನ ಪೈಪುಗಳು, ಬಿಸಿಲಲ್ಲಿ ಕರಗಿದಂತೆ ಕಾಣುವ ರಸ್ತೆ. ಎದುರಿಗೆ ಬಂದ ಪ್ರತಿ ಬಿಳಿ ಕಾರಿಗೂ ಪುಷ್ಪಲತಾ ಕಿಟಕಿಯಿಂದ ಕೈ ಬೀಸಿದಳು. ಯಾವುದೂ ಅವನದಲ್ಲ. ಯಾರ್ಮಿಲಾಳ ತಲೆ ಅವಳ ಸೊಂಟಕ್ಕೆ ಒರಗಿತು. ಸಿಳ್ಳಿನ ಸದ್ದು ಕಡಿಮೆಯಾಗಿತ್ತು. ಒಂದು ಕ್ಷಣ ವಾಸಿಯಾಗುತ್ತಿದೆ ಎಂದುಕೊಂಡ ಪುಷ್ಪಲತಾ, ಬಗ್ಗಿ ನೋಡಿದಾಗ ಅವಳ ತುಟಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ಕಂಡಳು. ಸದ್ದು ಕಡಿಮೆಯಾದದ್ದು ಗಾಳಿ ಹೋಗದೆ.

"ಅಣ್ಣಾ, ಬಿಳಿ ಡಿಜೈರು, ಮುಂದೆ ಕೆಂಪು ರಿಬ್ಬನ್ ಕಟ್ಟಿರೋದು!" ಎಂದು ಡ್ರೈವರಿಗೆ ಕೂಗಿದಳು.

ತಿರುವಿನಲ್ಲಿ ಅದು ಕಾಣಿಸಿತು. ಬೈರಣ್ಣ ಯಾವ ಬಸ್ಸೆಂದು ತಿಳಿಯದೆ ನೇರ ಹಳ್ಳಿಯ ಕಡೆಗೇ ನುಗ್ಗುತ್ತಿದ್ದ. ಓಬುಳಪತಿ ಹಾರ್ನಿನ ಮೇಲೆ ಕೈ ಒತ್ತಿ, ಇಡೀ ಬಸ್ಸನ್ನು ರಸ್ತೆಗೆ ಅಡ್ಡ ತಿರುಗಿಸಿಬಿಟ್ಟ. ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಕಾರು ಕಿರ್ರೆಂದು ಬಸ್ಸಿಗೆ ಇನ್ನೇನು ತಾಗುವಷ್ಟರಲ್ಲಿ ನಿಂತಿತು.

ಬೈರಣ್ಣ ಬ್ಯಾಗನ್ನು ಕಿಟಕಿಯಿಂದಲೇ ಒಳಗೆ ಎಸೆದ. ಪುಷ್ಪಲತಾ ಅದನ್ನು ನೆಲದ ಮೇಲೆ ಬುಡಮೇಲು ಮಾಡಿದಳು. ಲೆನ್ಸುಗಳು, ಪಾಸ್‌ಪೋರ್ಟು, ಬಾಚಣಿಗೆ, ಒಂದು ಹಳದಿ ಕೊಳವೆ. ಕೊಳವೆಯೊಳಗೆ ದಪ್ಪ ಪೆನ್ನಿನಂಥದ್ದು. ಒಂದು ತುದಿ ನೀಲಿ, ಇನ್ನೊಂದು ತುದಿ ಕಿತ್ತಳೆ. ಮೈಮೇಲೆ ಚೆಕ್ ಭಾಷೆಯ ಸಣ್ಣ ಅಕ್ಷರಗಳು.

ಬಂದ ದಿನ ಯಾರ್ಮಿಲಾ ಇದನ್ನು ತೋರಿಸಿದ್ದಳು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತೆಂದು ಪುಷ್ಪಲತಾ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದಳು. ಸೂಜಿ ಯಾವ ತುದಿಯಲ್ಲಿ? ತಪ್ಪು ಹಿಡಿದರೆ ಸೂಜಿ ತನ್ನ ಹೆಬ್ಬೆರಳಿಗೇ ನೆಟ್ಟು ಔಷಧಿಯೆಲ್ಲ ವ್ಯರ್ಥ. ಸರಿ ಹಿಡಿದು ತಪ್ಪು ಕಡೆ ಚುಚ್ಚಿದರೆ? ಮಕ್ಕಳಿಗೆ ಲಸಿಕೆ ಹಾಕಿಸುವಾಗಲೂ ಮುಖ ತಿರುಗಿಸಿಕೊಂಡಿದ್ದವಳು ಅವಳು. "ಊರ್ಮಿಳಮ್ಮಾ, ಯಾವ ಕಡೆ? ಹೇಳಿ!" ಎಂದು ಅವಳ ಕೆನ್ನೆ ತಟ್ಟಿದಳು.

ಯಾರ್ಮಿಲಾ ಕಣ್ಣು ತೆರೆಯಲಿಲ್ಲ. ಅವಳ ಬಲಗೈ ಮಾತ್ರ ಸೀಟಿನ ಮೇಲೆ ತೆವಳುತ್ತ ತನ್ನ ತೊಡೆಯ ಹೊರಬದಿಗೆ ಬಂದು ಎರಡು ಸಲ ಮೆಲ್ಲಗೆ ಬಡಿದು ಬಿದ್ದುಹೋಯಿತು.

ಓಬುಳಪತಿ ಸೀಟು ಬಿಟ್ಟು ಬಂದು ಅವಳ ಮೊಣಕಾಲು ಗಟ್ಟಿಯಾಗಿ ಹಿಡಿದ. "ಹಾಕ್ಬುಡಮ್ಮ," ಎಂದ.

ಪುಷ್ಪಲತಾ ನೀಲಿ ಮುಚ್ಚಳ ಕಿತ್ತಳು. ಕಿತ್ತಳೆ ತುದಿಯನ್ನು ಪ್ಯಾಂಟಿನ ಮೇಲಿಂದಲೇ ತೊಡೆಗೆ ಬಲವಾಗಿ ಒತ್ತಿದಳು. ಟಕ್ಕೆಂದಿತು. ಎಷ್ಟು ಹೊತ್ತು ಒತ್ತಿ ಹಿಡಿಯಬೇಕೋ ತಿಳಿಯದೆ, ತೆಗೆಯಲು ಹೆದರಿ, ಹಾಗೇ ಹಿಡಿದುಕೊಂಡಿದ್ದಳು. ಕೊನೆಗೆ ಓಬುಳಪತಿಯೇ ಅವಳ ಕೈ ಸರಿಸಿದ.

ಏನೂ ಆಗಲಿಲ್ಲ. ಕೊಂದುಬಿಟ್ಟೆ ಎಂದು ಪುಷ್ಪಲತಾಗೆ ಅನಿಸಿತು. ಅವಳ ಹೆಸರನ್ನೂ ಸರಿಯಾಗಿ ಹೇಳಲು ಬಾರದ ಊರಿನ ರಸ್ತೆಯ ಮಧ್ಯೆ ಅವಳನ್ನು ತಂದು ಕೊಂದೆ. ಅವಳ ಮನೆಯಲ್ಲಿ ಯಾರಿದ್ದಾರೆ ಎಂದು ಕೂಡ ತಾನು ಕೇಳಿರಲಿಲ್ಲ. ಯಾರಿಗೆ ಫೋನು ಮಾಡಬೇಕು, ಯಾವ ಭಾಷೆಯಲ್ಲಿ ಹೇಳಬೇಕು?

ಆಗ ಯಾರ್ಮಿಲಾಳ ಎದೆ ಒಮ್ಮೆ ಜೋರಾಗಿ ಉಬ್ಬಿತು. ಸಿಳ್ಳಿನ ಸದ್ದು ಮರಳಿ ಬಂತು. ಅದುವರೆಗೆ ಕೇಳಲು ಹೆದರಿಕೆಯಾಗಿದ್ದ ಆ ಸದ್ದು ಈಗ ಬಂದಾಗ ಪುಷ್ಪಲತಾ ಗಟ್ಟಿಯಾಗಿ ಅತ್ತುಬಿಟ್ಟಳು. ಯಾರ್ಮಿಲಾ ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡಳು, ಅದು ಬಿಳಿ ಅಂಗಿಯವನ ಚಪ್ಪಲಿಯ ಮೇಲೂ ಬಿತ್ತು. ಅವನು ಕಾಲು ಹಿಂದೆಗೆದ. ಸ್ವಲ್ಪ ಹೊತ್ತಿನ ಮೇಲೆ ತನ್ನ ನೀರಿನ ಬಾಟಲಿಯನ್ನು ಮುಂದೆ ಚಾಚಿದ.

ಬಸ್ಸು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿಗೆ ಹೋಗದೆ ನೇರ ಆಸ್ಪತ್ರೆಯ ಗೇಟಿಗೇ ಬಂದು ನಿಂತಿತು. ಡಾಕ್ಟರ್ ಶ್ರೀಲತಾ ಎಂಬ ಚಿಕ್ಕ ವಯಸ್ಸಿನ ಹುಡುಗಿ ಡ್ಯೂಟಿಯಲ್ಲಿದ್ದಳು. ಖಾಲಿ ಪೆನ್ನನ್ನು ನೋಡುತ್ತಲೇ ಅವಳಿಗೆ ಎಲ್ಲ ಗೊತ್ತಾಯಿತು. ಇನ್ನೊಂದು ಇಂಜೆಕ್ಷನ್, ಆಕ್ಸಿಜನ್, ಡ್ರಿಪ್ಪು ಒಂದರ ಹಿಂದೊಂದು ನಡೆದವು. ಮಧ್ಯಾಹ್ನದ ಹೊತ್ತಿಗೆ ಯಾರ್ಮಿಲಾ ಕಣ್ಣು ಬಿಟ್ಟಳು.

"ಈಗ ಪರವಾಗಿಲ್ಲ," ಎಂದಳು ಡಾಕ್ಟರು. "ಆದ್ರೆ ಇದು ಒಮ್ಮೊಮ್ಮೆ ಇಳಿದ ಮೇಲೆ ಮತ್ತೆ ತಿರುಗಿ ಬರುತ್ತೆ. ನಾಳೆವರೆಗೂ ಇಲ್ಲೇ ಇರ್ಲಿ. ಉಸಿರಾಟದ ಮೇಲೆ ಕಣ್ಣಿಟ್ಟಿರಿ."

ಮತ್ತೆ ಬರುತ್ತೆ ಎಂಬ ಮಾತು ಪುಷ್ಪಲತಾಳ ಕಿವಿಯಲ್ಲೇ ಉಳಿಯಿತು. ರುದ್ರೇಶನಿಗೆ ಫೋನು ಮಾಡಿದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು, "ನೀನು ಹೆಂಗಿದ್ದೀಯ?" ಎಂದು ಕೇಳಿದ್ದಕ್ಕೆ, ನಾಳೆ ಬರ್ತೀನಿ ಎಂದಷ್ಟೇ ಹೇಳಿ ಫೋನು ಇಟ್ಟಳು.

ಹೊತ್ತು ಇಳಿಯುವ ಮುಂಚೆ ವಾರ್ಡಿನ ಬಾಗಿಲಲ್ಲಿ ವರಲಕ್ಷ್ಮಮ್ಮ ಕಾಣಿಸಿದಳು, ಹಿಂದೆ ಬೈಲಪ್ಪ. ಇಬ್ಬರೂ ಒಳಗೆ ಬರಲಿಲ್ಲ. ಪುಷ್ಪಲತಾ ಹೊರಗೆ ಹೋದಳು.

"ಪೋಲೀಸ್ನೋರು ಬತ್ತಾರಂತೆ ಹೌದಾ? ಫಾರಿನ್ನೋರಿಗೆ ವಿಷ ಹಾಕಿದ್ದಾಳೆ ಅಂತ ಬಸ್ಸಲ್ಲೆಲ್ಲ ಮಾತಾಡ್ತಾವ್ರೆ. ಇವರನ್ನ ಕರ್ಕೊಂಡೋಯ್ತಾರಾ, ನನ್ನನ್ನಾ?" ವರಲಕ್ಷ್ಮಮ್ಮನ ಬಾಯಿ ಒಣಗಿ ತುಟಿ ಹಲ್ಲಿಗೆ ಅಂಟುತ್ತಿತ್ತು.

ಕಾನ್‌ಸ್ಟೇಬಲ್ ಒಬ್ಬ ನಿಜವಾಗಿಯೂ ಬಂದಿದ್ದ. ವಿದೇಶದವರು ಆಸ್ಪತ್ರೆಗೆ ಸೇರಿದ್ದರಿಂದ ವಿಚಾರಿಸಲು ಬಂದವನು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ. ವರಲಕ್ಷ್ಮಮ್ಮ ಅವನನ್ನು ಕಂಡವಳೇ ಗೋಡೆಗೆ ಅಂಟಿಕೊಂಡಳು. ಅವನು ಮಂಚದ ಹತ್ತಿರ ಬಂದು, ಏನಾಯಿತೆಂದು ಪುಷ್ಪಲತಾಳ ಮೂಲಕ ಕೇಳಿದ.

ಯಾರ್ಮಿಲಾ ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಎತ್ತಿದಳು. "ಎಣ್ಣೆಯಿಂದ ಆಯಿತು ಎಂದು ಹೇಳಿ. ಎಣ್ಣೆ ಕೆಟ್ಟದ್ದಲ್ಲ ಎಂದೂ ಹೇಳಿ. ತುಂಬ ಒಳ್ಳೆಯ ಎಣ್ಣೆ. ಬ್ಯಾಗನ್ನು ಕಾರಿನಲ್ಲಿ ಬಿಟ್ಟವಳು ನಾನು."

ಪುಷ್ಪಲತಾ ಅದನ್ನು ತೆಲುಗಿನಲ್ಲಿ ಅವನಿಗೆ ಹೇಳಿದಳು. ಬಾಗಿಲ ಕಡೆ ತಿರುಗಿ ಕನ್ನಡದಲ್ಲಿ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು. ಕಾನ್‌ಸ್ಟೇಬಲ್ ತಲೆಯಾಡಿಸಿ ಹೊರಟುಹೋದ. ಅವನ ಬೂಟಿನ ಸದ್ದು ಮೆಟ್ಟಿಲು ಇಳಿದು ಹೋಗುವವರೆಗೂ ವರಲಕ್ಷ್ಮಮ್ಮ ಅಲುಗಲಿಲ್ಲ. ಆಮೇಲೆ ಒಳಗೆ ಬಂದು ಮಂಚದ ಕಾಲ ಬಳಿ ನೆಲದ ಮೇಲೆ ಕುಸಿದಳು.

"ತಿನ್ನು ತಿನ್ನು ಅಂತ ನಾನೇ ಹಾಕ್ದೆ ಕಣಮ್ಮ. ಸಾಕು ಅಂದ್ರೂ ಹಾಕ್ದೆ."

ಯಾರ್ಮಿಲಾಗೆ ಮಾತು ತಿಳಿಯಲಿಲ್ಲ. ಕೈ ಚಾಚಿ ಅವಳ ತಲೆ ಮುಟ್ಟಿದಳು. ಪಕ್ಕದ ಸ್ಟೂಲಿನ ಮೇಲೆ ಕ್ಯಾಮೆರಾ ಇತ್ತು. ಅಭ್ಯಾಸಬಲದಿಂದಲೋ ಏನೋ, ಅವಳ ಇನ್ನೊಂದು ಕೈ ಅದರ ಕಡೆಗೆ ಹೋಯಿತು. ವರಲಕ್ಷ್ಮಮ್ಮ ಮುಖ ಸೆರಗಿನಲ್ಲಿ ಮುಚ್ಚಿಕೊಂಡಳು.

"ಬ್ಯಾಡ ಅನ್ನು. ಇವತ್ತು ನನ್ನ ಮಖ ಬ್ಯಾಡ."

ಅದನ್ನು ಇಂಗ್ಲಿಷಿಗೆ ಮಾಡಬೇಕಾಗಲಿಲ್ಲ. ಯಾರ್ಮಿಲಾ ಕೈ ಹಿಂದೆಗೆದಳು.

ಬೈಲಪ್ಪನನ್ನು ಊರಿಗೆ ಕಳಿಸಿ ವರಲಕ್ಷ್ಮಮ್ಮ ಅಲ್ಲೇ ಉಳಿದಳು. ಒಬ್ಬಳು ಮಂಚದ ಆ ಕಡೆ, ಒಬ್ಬಳು ಈ ಕಡೆ. ಯಾರ್ಮಿಲಾ ನಿದ್ದೆಯಲ್ಲಿ ಮಗ್ಗುಲಾದರೂ ಇಬ್ಬರೂ ಎದ್ದು ನಿಲ್ಲುತ್ತಿದ್ದರು. ಅವಳ ಗಂಟಲು ಕರಕರ ಎಂದರೆ ಪುಷ್ಪಲತಾ ನರ್ಸನ್ನು ಕರೆಯಲು ಓಡುತ್ತಿದ್ದಳು. ಉಬ್ಬಸ ತಿರುಗಿ ಬರಲಿಲ್ಲ.

ಬೆಳಿಗ್ಗೆ ಡಾಕ್ಟರು ನೋಡಿ, ಹಿಂದೂಪುರಕ್ಕೆ ಹೋಗಬಹುದು ಎಂದಳು. ಯಾರ್ಮಿಲಾ ಎದ್ದು ದಿಂಬಿಗೆ ಒರಗಿ ಕೂತು, ಒಂದು ಕಾಫಿ ಸಿಗಬಹುದೇ ಎಂದು ಕೇಳಿದಳು.

ಪುಷ್ಪಲತಾ ವರಲಕ್ಷ್ಮಮ್ಮನ ಮುಖ ನೋಡಿದಳು. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ನಾ ತರಲ್ಲಮ್ಮ. ನೀನೇ ಹೋಗು."

ಆಸ್ಪತ್ರೆಯ ಎದುರಿನ ಗಾಡಿಯವನನ್ನು ಪುಷ್ಪಲತಾ ಪ್ರಶ್ನೆಗಳಲ್ಲಿ ಸುಸ್ತು ಮಾಡಿದಳು. ಹಾಲು ಯಾವುದು, ಪಾತ್ರೆಯಲ್ಲಿ ಮುಂಚೆ ಏನು ಕಾಯಿಸಿದ್ದೆ, ಅದೇ ಚಮಚದಲ್ಲಿ ಚಟ್ನಿ ಬಡಿಸಿದ್ದೀಯಾ. ಹೊಸ ಲೋಟ ತೊಳೆಸಿದಳು, ಮತ್ತೊಮ್ಮೆ ತೊಳೆಸಿದಳು. ಮೊದಲು ತಾನೊಂದು ಗುಟುಕು ಕುಡಿದು ನೋಡಿದಳು, ಅದರಿಂದ ಏನೂ ಗೊತ್ತಾಗುವುದಿಲ್ಲ ಎಂದು ತಿಳಿದಿದ್ದರೂ.

"ಹಾಲು, ಡಿಕಾಕ್ಷನ್ನು, ಸಕ್ಕರೆ," ಎಂದಳು ಯಾರ್ಮಿಲಾಳ ಕೈಗೆ ಲೋಟ ಕೊಡುತ್ತ. "ಬೇರೇನೂ ಇಲ್ಲ. ಕೇಳಿದ್ದೀನಿ."

ಯಾರ್ಮಿಲಾ ಕುಡಿದಳು. ವರಲಕ್ಷ್ಮಮ್ಮ ಬಾಗಿಲ ಹತ್ತಿರ ನಿಂತು, ಲೋಟ ಖಾಲಿಯಾಗುವವರೆಗೂ, ಆದ ಮೇಲೂ, ಅವಳ ಗಂಟಲನ್ನೇ ನೋಡುತ್ತಿದ್ದಳು.